ಆದಿತಾಳದ ಹಾಳೆಗೆ ಕಾಲು ಪಿಕ್ಸೆಲ್‌ನ ಕಾಟ

ಗೆರೆಗಳು ಕೊನೆಗೂ ನೆಟ್ಟಗೆ ನಿಂತಿವೆ. ರಿಮಾರ್ಕಬಲ್ 2 ಎಂಬ ಇ-ಇಂಕ್ ಟ್ಯಾಬ್ಲೆಟ್‌ನಲ್ಲಿ ಕರ್ನಾಟಕ ಸಂಗೀತದ ಸ್ವರ, ಸಾಹಿತ್ಯ ಬರೆದುಕೊಳ್ಳಲು ಆದಿತಾಳದ ಗೆರೆಹಾಳೆ (ಟೆಂಪ್ಲೇಟ್) ಸಿದ್ಧ. ಎಸ್‌ಎಸ್‌ಎಚ್ ಸಂಪರ್ಕದ ಮೂಲಕ ಕಂಪ್ಯೂಟರಿನಿಂದ ಕಡತ ಸೇರಿಸುವುದು, ಟೆಂಪ್ಲೇಟ್‌ಗಳ ಜೇಸನ್ ಪಟ್ಟಿಯಲ್ಲಿ ನಮೂದಿಸುವುದು, ಕ್ಸೋಚಿಟ್ಲ್ (ಟ್ಯಾಬ್ಲೆಟ್‌ನ ಮುಖ್ಯ ತಂತ್ರಾಂಶ) ಮರುಚಾಲನೆ ಇವೆಲ್ಲ ಇದನ್ನು ಬಳಸುವವರಿಗೆ ಗೊತ್ತಿರುವುದೇ, ಬಿಟ್ಟುಬಿಡುತ್ತೇನೆ. ಆದರೆ ಇದಕ್ಕೆ ಬೇಕಾದ ಕೇಬಲ್ ಮಾರಿದ ಪುಣ್ಯಾತ್ಮನನ್ನು ಬಿಡಲಾರೆ. ‘ಡೇಟಾ ಕೇಬಲ್’ ಎಂದು ಪೊಟ್ಟಣದ ಮೇಲೆ ಅಚ್ಚಾಗಿದೆ. ಚಾರ್ಜ್ ಆಗುತ್ತದೆ, ಡೇಟಾ ಮಾತ್ರ ಒಂದು ಬೈಟೂ ದಾಟುವುದಿಲ್ಲ. ಕೇಳಿದರೆ, ‘ನೀವು ಅಷ್ಟು ಜೋರಾಗಿ ಎಳೆಯಬಾರದಿತ್ತು’ ಎನ್ನುತ್ತಾನೆ.

ಇನ್ನು ಅಸಲಿ ತಲೆನೋವಿಗೆ ಬರೋಣ. ಮೂರನೇ ಕಾಲದ ವೇಗದಲ್ಲಿ ಅಕ್ಷರಕ್ಕೆ, ಅಂದರೆ ತಾಳದ ಒಂದು ಎಣಿಕೆಗೆ, ನಾಲ್ಕು ಸ್ವರ; ಎಂಟು ಅಕ್ಷರದ ಆವರ್ತಕ್ಕೆ (ತಾಳದ ಒಂದು ಸುತ್ತಿಗೆ) 32. ಅಷ್ಟನ್ನೂ ಒಂದೇ ಸಾಲಿಗೆ ತುರುಕಿದರೆ ‘ರಿ’ಯ ಗುಡಿಸು ಪಕ್ಕದ ಮನೆಗೆ ನುಗ್ಗುತ್ತದೆ. ಆದ್ದರಿಂದ ಪುಸ್ತಕಗಳಲ್ಲಿ ಮಾಡುವಂತೆ ಆವರ್ತವನ್ನು ಎರಡು ಸಾಲಿಗೆ ಒಡೆದೆ. ತಾಳದ ಅಂಗಗಳಲ್ಲಿ ನಾಲ್ಕು ಅಕ್ಷರದ ಲಘು ಮೇಲೆ, ಎರಡೆರಡು ಅಕ್ಷರದ ಎರಡು ದ್ರುತ ಕೆಳಗೆ, ಸಾಲಿಗೆ 16 ಮನೆ. ಪರದೆಯ ಅಗಲ 1404 ಪಿಕ್ಸೆಲ್, ಹದಿನಾರರಿಂದ ಭಾಗಿಸಿದರೆ 87.75. ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಹಾಗೆಯೇ ಎಳೆದೆ. ಲ್ಯಾಪ್‌ಟಾಪಿನಲ್ಲಿ ಮುತ್ತಿನಂತಿತ್ತು.

ಟ್ಯಾಬ್ಲೆಟ್‌ಗೆ ಹೋದ ಕೂಡಲೇ ಗೆರೆಗಳಲ್ಲಿ ಜಾತಿಭೇದ ಶುರುವಾಯಿತು. ಕೆಲವು ಕಡುಗಪ್ಪು, ಕೆಲವು ತೊಳೆದಿಟ್ಟಂತೆ ಮಂಕು. ಮೊದಲಿಗೆ ಪರದೆಯನ್ನು ಸಂಶಯಿಸಿದೆ, ಆಮೇಲೆ ನನ್ನ ಕನ್ನಡಕವನ್ನು. ಎಣಿಸಿ ನೋಡಿದರೆ ಕಪ್ಪಾಗಿ ಬಿದ್ದವು ಎರಡನೆಯದು, ಆರನೆಯದು, ಹತ್ತನೆಯದು, ಹದಿನಾಲ್ಕನೆಯದು. ಎಲ್ಲಕ್ಕಿಂತ ಮಂಕಾದವು ನಾಲ್ಕು, ಎಂಟು, ಹನ್ನೆರಡು. ಅಂದರೆ ತಾಳ ಬೀಳಬೇಕಾದ ಗೆರೆಯೇ ಮಾಯ, ಎರಡು ತಟ್ಟುಗಳ ನಡುವಿನ ಗೆರೆ ಎದ್ದು ಕುಣಿಯುತ್ತಿದೆ. ಇಡೀ ಹಾಳೆ ಅರ್ಧ ಎಡುಪಿನಲ್ಲಿ, ಅಂದರೆ ತಾಳ ಬಿದ್ದು ಅರ್ಧ ಅಕ್ಷರದ ನಂತರ ಶುರುವಾಗುವ ಹಾಡಿನಂತೆ, ಹೊರಟಿತ್ತು!

ಕಾರಣ ಬರೀ ಲೆಕ್ಕ. 1 ಪಿಕ್ಸೆಲ್ ದಪ್ಪದ ಗೆರೆಯ ನಡುಬಿಂದು ಪೂರ್ಣಾಂಕದ ಮೇಲೆ ಬಿದ್ದರೆ ಗೆರೆ ಎರಡು ಪಿಕ್ಸೆಲ್‌ಗಳ ಮೇಲೆ ಅರ್ಧರ್ಧ ಕೂರುತ್ತದೆ, ಎರಡೂ ಬೂದು. ನಾಲ್ಕನೆಯ ಗೆರೆ ಬೀಳುವುದು ಸರಿಯಾಗಿ 351ಕ್ಕೆ. ಎರಡನೆಯದು 175.5ಕ್ಕೆ ಬೀಳುವುದರಿಂದ ಒಂದೇ ಪಿಕ್ಸೆಲ್‌ನೊಳಗೆ ಅಚ್ಚುಕಟ್ಟಾಗಿ ಕೂತು ಕಪ್ಪಾಗುತ್ತದೆ. ಮಿಕ್ಕವು ಮುಕ್ಕಾಲು ಒಂದು ಕಡೆ, ಕಾಲು ಇನ್ನೊಂದು ಕಡೆ. ಲ್ಯಾಪ್‌ಟಾಪಿನ ಒತ್ತಾದ ಪರದೆ ಇದನ್ನು ಮುಚ್ಚಿಹಾಕಿತ್ತು. ಇಂಚಿಗೆ 226 ಪಿಕ್ಸೆಲ್‌ನ ಇ-ಇಂಕ್‌ಗೆ ಆ ಸೌಜನ್ಯವಿಲ್ಲ.

ಮನೆಯ ಅಗಲವನ್ನು 80 ಪಿಕ್ಸೆಲ್‌ಗೆ ಇಳಿಸಿದೆ. ಒಂದು ಮನೆಗೆ ಸುಮಾರು 9 ಮಿಲಿಮೀಟರ್, ದೀರ್ಘಕ್ಕೂ ಜಾಗವಿದೆ. 16 ಮನೆಗೆ 1280. ಉಳಿದ 124ರಲ್ಲಿ ಎಡಕ್ಕೆ 120 ಬಿಟ್ಟೆ, ಹೇಗೂ ಅಲ್ಲಿ ಉಪಕರಣಪಟ್ಟಿ ಬಂದು ಕೂರುತ್ತದೆ. ಎಲ್ಲವನ್ನೂ ಅರ್ಧ ಪಿಕ್ಸೆಲ್ ಬಲಕ್ಕೆ ಸರಿಸಿದಾಗ ಸ್ವರದ ಗೆರೆಗಳು ಚೊಕ್ಕವಾದವು. ಆದರೆ ಅಕ್ಷರದ ಗೆರೆ 2 ಪಿಕ್ಸೆಲ್ ದಪ್ಪ. ಸಮಸಂಖ್ಯೆಯ ದಪ್ಪಕ್ಕೆ ಪೂರ್ಣಾಂಕವೇ ಬೇಕು, ಬೆಸಕ್ಕೆ ಅರ್ಧ. ಈಗ ಅವು ಮೂರು ಪಿಕ್ಸೆಲ್‌ಗೆ ಹರಡಿ ಊದಿಕೊಂಡವು. ಇತ್ತ ಎಳೆದರೆ ಅತ್ತ ಬಿಚ್ಚುವ ಚಿಕ್ಕ ಹೊದಿಕೆ. ಕೊನೆಗೆ ಇಂಕ್‌ಸ್ಕೇಪ್‌ಗೆ ಕೈಮುಗಿದು, ಪೈಥಾನ್‌ನ ಪಿಲ್ಲೋ ಎಂಬ ಚಿತ್ರ ತಯಾರಿಸುವ ಲೈಬ್ರರಿಯಲ್ಲಿ ಗೆರೆಯ ಬದಲು ಆಯತಗಳನ್ನೇ ತುಂಬಿ ಪಿಎನ್‌ಜಿ ಚಿತ್ರ ಮಾಡಿದೆ. ಪೂರ್ಣಾಂಕದಿಂದ ಪೂರ್ಣಾಂಕಕ್ಕೆ, ನಡುವೆ ಬೂದು ನುಸುಳಲು ದಾರಿಯೇ ಇಲ್ಲ. ಸ್ವರಕ್ಕೆ 1, ಅಕ್ಷರಕ್ಕೆ 2, ಅಂಗದ ಕೊನೆಗೆ 3 ಪಿಕ್ಸೆಲ್.

ಎತ್ತರದ ಲೆಕ್ಕ ಮಾತ್ರ ದೇವರೇ ಮಾಡಿಟ್ಟಂತಿತ್ತು. ಸ್ವರದ ಸಾಲಿಗೆ 72, ಸಾಹಿತ್ಯದ ಸಾಲಿಗೆ 84, ಒಟ್ಟು 156. ಪರದೆಯ ಎತ್ತರವಾದ 1872 ಪಿಕ್ಸೆಲ್‌ಗಳಲ್ಲಿ ಅದು ಸರಿಯಾಗಿ ಹನ್ನೆರಡು ಸಲ ಹಿಡಿಯುತ್ತದೆ. ಸಾಹಿತ್ಯಕ್ಕೆ ಹೆಚ್ಚು ಕೊಟ್ಟಿದ್ದು ಒತ್ತಕ್ಷರಗಳಿಗಾಗಿ. ‘ಕೃಷ್ಣ’ ಎಂದು ಬರೆದರೆ ಣಕಾರದ ಒತ್ತು ಇಳಿದು ಕೆಳಗಿನ ಸಾಲಿನಲ್ಲಿ ತಾರಸ್ಥಾಯಿಯ (ಮೇಲಿನ ಸ್ಥಾಯಿಯ) ಸ್ವರದ ತಲೆಯ ಮೇಲಿಡುವ ಚುಕ್ಕೆಗೆ ಡಿಕ್ಕಿ ಹೊಡೆಯುತ್ತಿತ್ತು. ಮೇಲಿನ ಪಟ್ಟಿ ರಾಗ, ತಾಳ, ಆರೋಹಣ, ಅವರೋಹಣಕ್ಕೆ ಹೋಯಿತು. ಉಳಿದದ್ದು ಹನ್ನೊಂದು ಜೋಡಿ. ಆವರ್ತಕ್ಕೆ ಎರಡರಂತೆ ಐದು ಆವರ್ತ ಮುಗಿದ ಮೇಲೆ ಒಂದು ಜೋಡಿ ಮಿಗುತ್ತದೆ. ಅಲ್ಲಿ ಗುರುಗಳ ಬೈಗುಳ ಬರೆದುಕೊಳ್ಳುತ್ತೇನೆ.

ತಂತ್ರಾಂಶ ನವೀಕರಣವಾದಾಗ ಟೆಂಪ್ಲೇಟ್‌ಗಳ ಕೋಶ ಹೊಸದಾಗಿ ಬರುವುದರಿಂದ ಮೂಲಪ್ರತಿಗಳನ್ನು ಹೋಮ್ ಕೋಶದಲ್ಲಿಟ್ಟು, ಮತ್ತೆ ಕಳಿಸಲು ಪುಟ್ಟ ಸ್ಕ್ರಿಪ್ಟ್ ಬರೆದಿಟ್ಟಿದ್ದೇನೆ. ಅಟತಾಳದಲ್ಲಿರುವ ವರ್ಣ ಎಂಬ ರಚನೆಗಳಿಗೆ ಬೇರೆ ಹಾಳೆ ಬೇಕು. 5, 5, 2, 2 ಎಂದು ಒಟ್ಟು ಹದಿನಾಲ್ಕು ಅಕ್ಷರ. ಅದಕ್ಕೆ ಈಗ ಕೈಹಾಕುವುದಿಲ್ಲ.

ಏಕೆಂದರೆ ಮನಸ್ಸು ಆಗಲೇ ರಂಗೋಲಿಗೆ ಹಾರಿದೆ. 15ರಿಂದ 8ರವರೆಗಿನ ಸಂದು ಚುಕ್ಕಿ, ಅಂದರೆ ನಡುಸಾಲಿನಲ್ಲಿ 15, ಮೇಲೂ ಕೆಳಗೂ ಒಂದೊಂದೇ ಕಡಿಮೆಯಾಗಿ 8ಕ್ಕೆ ಇಳಿಯುವ, ಪಕ್ಕದ ಸಾಲಿನ ಸಂದಿನಲ್ಲಿ ಕೂರುವ ಚುಕ್ಕಿಗಳು. ಚುಕ್ಕಿಗಳು ಸಮಭುಜ ತ್ರಿಕೋನದಲ್ಲಿ ಕೂರಬೇಕಾದರೆ ಸಾಲುಗಳ ನಡುವಿನ ಅಂತರ ಚುಕ್ಕಿಗಳ ಅಂತರದ 0.866ರಷ್ಟಿರಬೇಕು, ಮತ್ತೆ ಅದೇ ದಶಮಾಂಶದ ಪೀಡೆ ಎಂದುಕೊಂಡೆ. ಆದರೆ ಅಂತರ 60 ಇಟ್ಟು ನೋಡಿ: 51.96, ಅಂದರೆ 52! ಅರ್ಧ ಸರಿಸಲು 30. ಎಲ್ಲವೂ ಪೂರ್ಣಾಂಕ, ತಪ್ಪು ಪಿಕ್ಸೆಲ್‌ನ ಇಪ್ಪತ್ತೈದನೇ ಒಂದು ಭಾಗ. ಇಡೀ ರಂಗೋಲಿ 840 ಅಗಲ, 728 ಎತ್ತರದಲ್ಲಿ ಮುಗಿಯುತ್ತದೆ, ಒಂದು ಪುಟಕ್ಕೆ ಎರಡು. ಚುಕ್ಕಿಯ ಗಾತ್ರವೊಂದೇ ಇತ್ಯರ್ಥವಾಗಿಲ್ಲ. 5 ಪಿಕ್ಸೆಲ್ ಸಾಕೆಂದು ನಾನು, ಅದು ಕಾಣಿಸುವುದೇ ಇಲ್ಲವೆಂದು ಅಮ್ಮ.