ಕೂಷ್ ದೇಶದ ಹೆಂಗಸು ಮತ್ತು ರದ್‌ಬಜ್ ಬರೆದ ತೀರ್ಪು

20 ನವೆಂಬರ್ 2025, ಗುರುವಾರ

ಇವತ್ತು ಸಿಗ್ದ್, ಇಥಿಯೋಪಿಯಾದ ಯೆಹೂದಿಗಳ ಹಬ್ಬ. ಜೆರುಸಲೇಮಿನಲ್ಲಿ ಅವರ ಪುರೋಹಿತರು ಬಣ್ಣಬಣ್ಣದ ಕೊಡೆಗಳ ಕೆಳಗೆ ನಿಂತು ಇಥಿಯೋಪಿಯಾದ ಹಳೆಯ ಗೀಜ್ ಭಾಷೆಯಲ್ಲಿ ಧರ್ಮಗ್ರಂಥ ಓದುತ್ತಾರೆ. 2008ರಿಂದ ಇದು ಇಸ್ರೇಲಿನಲ್ಲಿ ರಾಷ್ಟ್ರೀಯ ಹಬ್ಬ. ಈ ಜನರಿಗೆ ಆ ದೇಶದ ಬಾಗಿಲು ತೆಗೆಸಿದ್ದರಲ್ಲಿ 16ನೇ ಶತಮಾನದ ಒಬ್ಬ ಸೆಫಾರ್ಡಿ (ಸ್ಪೇನ್ ಮೂಲದ ಯೆಹೂದಿ) ರಬ್ಬಿಯ, ಅಂದರೆ ಧರ್ಮಗುರುವಿನ, ತೀರ್ಪಿನ ಪಾಲು ದೊಡ್ಡದು. ಅದು ತಲೆಯಲ್ಲಿ ಕೂತುಬಿಟ್ಟಿದೆ, ಬರೆದಿಡುತ್ತೇನೆ.

ಆ ರಬ್ಬಿ ದಾವೀದ್ ಇಬ್ನ್ ಅಬಿ ಜಿಮ್ರಾ. ಎಲ್ಲರೂ ಕರೆಯೋದು ರದ್‌ಬಜ್ ಅಂತ. ಹುಟ್ಟಿದ್ದು ಸ್ಪೇನ್‌ನಲ್ಲಿ. 1492ರಲ್ಲಿ ಅಲ್ಲಿನ ರಾಜ-ರಾಣಿ ಯೆಹೂದಿಗಳನ್ನು ಹೊರಗಟ್ಟಿದಾಗ ಇನ್ನೂ ಹುಡುಗ. ಮುಂದೆ ಕೈರೋ ಸೇರಿ, ಸುಮಾರು 40 ವರ್ಷ ಈಜಿಪ್ಟಿನ ಯೆಹೂದಿಗಳ ಹಿರಿಯ ನ್ಯಾಯಾಧೀಶರಾಗಿದ್ದು, 1573ರಲ್ಲಿ ಈಗಿನ ಇಸ್ರೇಲಿನ ಸಫೇದ್‌ನಲ್ಲಿ ತೀರಿಕೊಂಡರು. ಜನ ಪ್ರಶ್ನೆ ಕಳಿಸೋರು, ಇವರು ಧರ್ಮಶಾಸ್ತ್ರ ನೋಡಿ ಉತ್ತರ ಬರೆಯೋರು. ಅಂಥ ಉತ್ತರಗಳೇ ಎರಡು ಸಾವಿರಕ್ಕೂ ಜಾಸ್ತಿ ಇವೆ.

ಅದರಲ್ಲಿ ಒಂದು ಪ್ರಶ್ನೆ ನೋಡಿ. ಕೂಷ್ ಅಂದರೆ ಇಥಿಯೋಪಿಯಾ ಕಡೆಯಿಂದ ಮದುವೆಯಾಗಿದ್ದ ಒಬ್ಬ ಹೆಂಗಸು ಸೆರೆಯಾಗಿ ಬಂದಿದ್ದಾಳೆ. ಒಬ್ಬ ಯೆಹೂದಿ ಅವಳನ್ನು ಕೊಂಡುಕೊಂಡಿದ್ದಾನೆ. ಅವನಿಂದ ಅವಳಿಗೆ ಒಬ್ಬ ಮಗ ಹುಟ್ಟಿದ್ದಾನೆ. ಆ ಹುಡುಗ ಈಗ ಬೆಳೆದು ನಿಂತಿದ್ದಾನೆ, ಸಮುದಾಯದಲ್ಲೇ ಮದುವೆ ಆಗಬೇಕು ಅಂತಾನೆ. ಆಗಬಹುದಾ? ಅವಳ ಮೊದಲ ಗಂಡ ಬದುಕಿದ್ದರೆ ಈ ಹುಡುಗ ನಿಷಿದ್ಧ ಸಂಬಂಧದಲ್ಲಿ ಹುಟ್ಟಿದವನಾಗುತ್ತಾನೆ, ಯಾರೂ ಹೆಣ್ಣು ಕೊಡುವ ಹಾಗಿಲ್ಲ. ಅವಳನ್ನೇ ಕೇಳಿದರು. ಶತ್ರುಗಳು ನುಗ್ಗಿ ಸಿನಗಾಗ್‌ನಲ್ಲಿದ್ದ (ಯೆಹೂದಿಗಳ ಪ್ರಾರ್ಥನಾ ಮಂದಿರ) ಗಂಡಸರನ್ನೆಲ್ಲ ಕೊಂದರು, ಹೆಂಗಸರನ್ನೂ ಮಕ್ಕಳನ್ನೂ ಹಿಡಿದುಕೊಂಡು ಹೋದರು ಅಂದಳು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಈ ಮಾತು. ಕುಲ, ವಂಶ, ಶಾಸ್ತ್ರ ಎಲ್ಲ ಆಮೇಲೆ. ಮೊದಲು ಒಬ್ಬ ಸೆರೆಯಾಳು ಹೆಂಗಸು ಬಾಯಿಬಿಟ್ಟು ಹೇಳಿದ್ದು ಕಾಗದಕ್ಕೆ ಇಳಿಯಿತು.

ರದ್‌ಬಜ್ ಬರೆಯುತ್ತಾರೆ: ಇವಳು ಇಸ್ರೇಲ್ ಸಂತತಿಯವಳು, ಕೂಷ್ ಬೆಟ್ಟಗಳಲ್ಲಿ ವಾಸಿಸುವ ದಾನ್ ಕುಲದವಳು. ದಾನ್ ಅಂದರೆ ಬೈಬಲಿನಲ್ಲಿ ಬರುವ ಇಸ್ರೇಲಿನ ಹನ್ನೆರಡು ಕುಲಗಳ ಪೈಕಿ ಕಳೆದುಹೋದವು ಅನ್ನುವ ಹತ್ತರಲ್ಲಿ ಒಂದು. ಈ ನಂಬಿಕೆ ಅವರಿಗೂ ಹಿಂದಿನದು. 9ನೇ ಶತಮಾನದಲ್ಲೇ ಎಲ್ದಾದ್ ಅನ್ನೋ ಪ್ರಯಾಣಿಕ ಉತ್ತರ ಆಫ್ರಿಕಾದ ಕೈರುವಾನ್‌ಗೆ ಬಂದು, ನಾನು ದಾನ್ ಕುಲದವನು, ನಮ್ಮವರು ಕೂಷ್ ಕಡೆ ಇದ್ದಾರೆ ಅಂತ ಹೇಳಿಕೊಂಡಿದ್ದ.

ಈ ವಂಶದ ಮಾತು ಚರಿತ್ರೆಯಲ್ಲಿ ನಿಲ್ಲುತ್ತಾ? ಈ ಸಮುದಾಯ ಇಥಿಯೋಪಿಯಾದಲ್ಲೇ ರೂಪುಗೊಂಡಿದ್ದು ಅಂತ ಹಲವು ಇತಿಹಾಸಕಾರರು ಹೇಳುತ್ತಾರೆ, ನನಗೂ ಅದೇ ಸರಿ ಅನ್ನಿಸುತ್ತೆ. ಹಾಗಂತ ತೀರ್ಪಿನ ತೂಕ ಕಡಿಮೆಯಾಗಲ್ಲ.

ಆದರೆ ಅದೇ ತೀರ್ಪಿನಲ್ಲಿ ಒಂದು ಮುಳ್ಳೂ ಇದೆ. ಇವರಿಗೆ ರಬ್ಬಿಗಳ ಪರಂಪರೆಯ ಶಾಸ್ತ್ರ ಗೊತ್ತಿಲ್ಲ, ಇವರ ಮದುವೆ ಊರ್ಜಿತ, ಆದರೆ ವಿಚ್ಛೇದನ ನಮ್ಮ ಕ್ರಮದ್ದಲ್ಲ, ಹಾಗಾಗಿ ವಿಚ್ಛೇದನದ ಮೇಲೆ ಮತ್ತೆ ಮದುವೆಯಾದವಳ ಮಕ್ಕಳು ನಿಷಿದ್ಧ ಸಂಬಂಧದವರೇನೋ ಅಂತ ಮುಂದಿನ ಸಂತತಿಯ ಬಗ್ಗೆ ಅನುಮಾನ ಉಳಿಯುತ್ತೆ ಅನ್ನುವ ವಾದ.

1973ರಲ್ಲಿ, ಪಟ್ಟಕ್ಕೆ ಬಂದು ಕೆಲವೇ ತಿಂಗಳಾಗಿದ್ದಾಗ, ಇಸ್ರೇಲಿನ ಸೆಫಾರ್ಡಿ ಮುಖ್ಯ ರಬ್ಬಿ ಓವಾದಿಯಾ ಯೋಸೆಫ್ ಅವರು ರದ್‌ಬಜ್ ತೀರ್ಪನ್ನೇ ಆಧಾರ ಮಾಡಿಕೊಂಡು ಇವರು ದಾನ್ ಕುಲದವರು, ಯೆಹೂದಿಗಳೇ, ಇವರನ್ನು ಕರೆತರಬೇಕು ಅಂತ ಬರೆದರು. 1975ರಲ್ಲಿ ಸರ್ಕಾರವೂ ಒಪ್ಪಿತು. 1984ರಲ್ಲಿ ಸೂಡಾನ್ ಮೂಲಕ ಸಾವಿರಾರು ಜನರನ್ನು ಕರೆತಂದರು, 1991ರ ಮೇನಲ್ಲಿ ಒಂದೂವರೆ ದಿನದೊಳಗೆ 14 ಸಾವಿರಕ್ಕೂ ಜಾಸ್ತಿ ಜನರನ್ನು ವಿಮಾನದಲ್ಲಿ ತಂದಿಳಿಸಿದರು.

ಮುಳ್ಳು ಮಾತ್ರ ಹಾಗೇ ಉಳಿದಿತ್ತು. ಮದುವೆ ಆಗಬೇಕಾದರೆ ಶುದ್ಧಿಯ ಸ್ನಾನ ಮಾಡಿ ಅಂತ ಮುಖ್ಯ ರಬ್ಬಿಗಳ ಸಂಸ್ಥೆ ಇವರಿಗೆ ಹೇಳಿತು. 1985ರಲ್ಲಿ ಇವರು ಅದರ ಕಚೇರಿ ಎದುರು ವಾರಗಟ್ಟಲೆ ಧರಣಿ ಕೂತರು. ಕೂತಿದ್ದು ನ್ಯಾಯ. ತಲೆತಲಾಂತರದಿಂದ ಯೆಹೂದಿಗಳಾಗೇ ಬದುಕಿ, ಅದಕ್ಕಾಗಿ ಪ್ರಾಣ ಕೊಟ್ಟವರ ಮಕ್ಕಳಿಗೆ ಮತ್ತೆ ಶುದ್ಧಿ ಯಾಕೆ?

ರದ್‌ಬಜ್ ಅವರದೇ ಇನ್ನೊಂದು ಉತ್ತರ ಇದೆ. ಅದನ್ನು ಅಷ್ಟಾಗಿ ಯಾರೂ ಎತ್ತಿ ಹೇಳಲ್ಲ ಅನ್ನೋದೇ ನನ್ನ ಬೇಜಾರು. ಅದರಲ್ಲಿ ಅವರು ಹೇಳೋದು ಇಷ್ಟೆ: ಇವರಿಗೆ ಶಾಸ್ತ್ರ ಗೊತ್ತಿಲ್ಲದಿರೋದು ಇವರ ತಪ್ಪಲ್ಲ, ಕಲಿಸೋರು ಇರಲಿಲ್ಲ, ಪರರ ನಡುವೆ ಸೆರೆಯಲ್ಲಿ ಬೆಳೆದ ಮಗುವಿನ ಹಾಗೆ ಇವರನ್ನು ನೋಡಬೇಕು, ಸೆರೆಯಾದ ಇವರನ್ನು ಹಣ ಕೊಟ್ಟು ಬಿಡಿಸಿಕೊಳ್ಳೋದು ನಮ್ಮ ಕರ್ತವ್ಯ.