ಕ್ಯಾರವಾನ್ ಡಿಶ್: 83 ಡಿಗ್ರಿಯಿಂದ 93.5ಕ್ಕೆ

29 ಸೆಪ್ಟೆಂಬರ್ 2025, ಸೋಮವಾರ
ದಾವಣಗೆರೆ

ಟೆಂಪೋ ಟ್ರಾವೆಲರ್‌ನಲ್ಲಿ ಕಟ್ಟಿಸಿದ ಕ್ಯಾರವಾನ್. ಚಾವಣಿ ಮೇಲೆ 60 ಸೆಂ.ಮೀ. ಡಿಶ್, ಒಳಗೆ ಟಾಟಾ ಪ್ಲೇ ಬಾಕ್ಸ್. ಆಗೊಮ್ಮೆ ಈಗೊಮ್ಮೆ ಹೊರಡುವ ಗಾಡಿಗೆ ತಿಂಗಳು ತಿಂಗಳು ರೀಚಾರ್ಜ್ ದಂಡ. ಹಾಗಾಗಿ ತಿಂಗಳ ದುಡ್ಡು ಕೇಳದ ಡಿಡಿ ಫ್ರೀ ಡಿಶ್‌ಗೆ ಬದಲಾವಣೆ. ಚಂದನ, ಒಂದಷ್ಟು ಸುದ್ದಿ, ಹಳೇ ಸಿನಿಮಾ ಸಾಕು ಅನ್ನುವವರಿಗೆ ಸರಿ. ಕನ್ನಡದ ಖಾಸಗಿ ಚಾನೆಲ್‌ಗಳೆಲ್ಲ ಬೇಕೇಬೇಕು ಅನ್ನುವವರು ಇದಕ್ಕೆ ಕೈಹಾಕುವುದು ಬೇಡ.

ತಟ್ಟೆ, ಕಂಬ, ಆರ್‌ಜಿ-6 ಕೇಬಲ್ ಹಳೆಯವೇ ನಡೆಯುತ್ತವೆ. ಬಾಕ್ಸ್ ಮಾತ್ರ ಹೊಸದೇ ಬೇಕು. ಎಲ್‌ಎನ್‌ಬಿ (ತಟ್ಟೆಯ ಎದುರು ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿ) ಮೇಲಿನ ಚೀಟಿಯಲ್ಲಿ 9750/10600 ಎಂದಿದ್ದರೆ ಅದು ಯೂನಿವರ್ಸಲ್, ಉಳಿಸಿಕೊಳ್ಳಬಹುದು. ಇಲ್ಲದಿದ್ದರೆ 40 ಮಿ.ಮೀ. ಕತ್ತಿನ ಯೂನಿವರ್ಸಲ್ ಒಂದನ್ನು ತಂದು ಹಾಕುವುದೇ ಲೇಸು. ಬಾಕ್ಸ್‌ನ ಮೆನುವಿನಲ್ಲೂ ಎಲ್‌ಎನ್‌ಬಿ ಆವರ್ತನ ಅದೇ 9750–10600 ಇರಬೇಕು. ಬೇರೆ ಇದ್ದರೆ ಡಿಶ್ ಎಷ್ಟು ಸರಿಯಿದ್ದರೂ ಸ್ಕ್ಯಾನ್ ಖಾಲಿ.

ಟಾಟಾ ಪ್ಲೇ ಉಪಗ್ರಹಗಳು 83 ಡಿಗ್ರಿ ಪೂರ್ವದಲ್ಲಿ, ಫ್ರೀ ಡಿಶ್‌ನ ಜಿಸ್ಯಾಟ್-15 93.5ರಲ್ಲಿ. ದಾವಣಗೆರೆಯಿಂದ ನೋಡಿದರೆ ಮೊದಲನೆಯದು ದಿಕ್ಸೂಚಿಯ 153–154 ಡಿಗ್ರಿಗೆ, 71 ಡಿಗ್ರಿ ಎತ್ತರದಲ್ಲಿ. ಎರಡನೆಯದು 128ಕ್ಕೆ, 63–64 ಎತ್ತರದಲ್ಲಿ. ಅಂದರೆ ಡಿಶ್ಶನ್ನು ಪೂರ್ವಕ್ಕೆ 25 ಡಿಗ್ರಿ ತಿರುಗಿಸಿ, 7–8 ಡಿಗ್ರಿ ಇಳಿಸಬೇಕು. ಇಷ್ಟು ಎತ್ತರ ನೋಡುವಾಗ ಕಂಬವನ್ನು ಒಂದು ಡಿಗ್ರಿ ತಿರುಗಿಸಿದರೆ ಆಕಾಶದಲ್ಲಿ ಸರಿಯುವುದು ಅರ್ಧ ಡಿಗ್ರಿಗಿಂತ ಕಡಿಮೆ. ಅಡ್ಡ ತಿರುವಿನಲ್ಲಿ ಸ್ವಲ್ಪ ಸಲಿಗೆ ಇದೆ, ಎತ್ತರದಲ್ಲಿ ಇಲ್ಲ. ಆದ್ದರಿಂದ ಮೊದಲು ಗಾಡಿಗೆ ರಸಮಟ್ಟ ಇಟ್ಟು ಸಮ ಮಾಡಿ; ಚಾವಣಿ ಎರಡು ಡಿಗ್ರಿ ವಾಲಿದ್ದರೂ ಸಿಗ್ನಲ್ ಹೋದಂತೆಯೇ. ಎತ್ತರವನ್ನು ಬ್ರಾಕೆಟ್‌ನ ಗುರುತಿನಲ್ಲೇ ಓದಿ. ಇವು ಆಫ್‌ಸೆಟ್ ತಟ್ಟೆಗಳು (ಎಲ್‌ಎನ್‌ಬಿ ನಡುವೆ ಇರದೆ ಕೆಳಗಿರುತ್ತದೆ), ನಿಜವಾಗಿ ನೋಡುವ ಎತ್ತರಕ್ಕಿಂತ ಇಪ್ಪತ್ತು ಚಿಲ್ಲರೆ ಡಿಗ್ರಿ ತಗ್ಗಿದಂತೆ ಕಾಣುತ್ತವೆ. ತಟ್ಟೆಗೆ ಫೋನ್ ಒತ್ತಿ ಅಳೆದರೆ ಲೆಕ್ಕ ತಪ್ಪುತ್ತದೆ. ದಿಕ್ಸೂಚಿ ನೋಡುವುದು ಗಾಡಿಯ ತಗಡಿನಿಂದ ನಾಲ್ಕು ಹೆಜ್ಜೆ ಆಚೆ ನಿಂತು.

ಹೆಚ್ಚಿನವರು ಬಿಡುವುದು ಎಲ್‌ಎನ್‌ಬಿಯ ತಿರುವು. ನಾವು ಭೂಮಧ್ಯರೇಖೆಗೆ ಹತ್ತಿರ ಇರುವುದರಿಂದ ಉಪಗ್ರಹ ಪೂರ್ವಕ್ಕೆ ಸರಿದಷ್ಟೂ ಅದರ ತರಂಗದ ಓರೆ ಜೋರಾಗಿ ಬದಲಾಗುತ್ತದೆ. ಇಲ್ಲಿ 83ಕ್ಕೆ ಸುಮಾರು 25 ಡಿಗ್ರಿ ಓರೆ ಸಾಕಿತ್ತು, 93.5ಕ್ಕೆ 50ರ ಹತ್ತಿರ ಬೇಕು. ತಟ್ಟೆಯ ಬೆನ್ನಿಗೆ ನಿಂತು ಆಕಾಶ ನೋಡುತ್ತಾ ಎಡಕ್ಕೆ, ಗಡಿಯಾರದ ಮುಳ್ಳಿಗೆ ಎದುರಾಗಿ, ಎಲ್‌ಎನ್‌ಬಿಯನ್ನು ಇನ್ನೂ 25 ಡಿಗ್ರಿ ತಿರುಗಿಸಬೇಕು. ಇದನ್ನು ಹಳೇ ಜಾಗದಲ್ಲೇ ಬಿಟ್ಟರೆ ಟಿವಿ ಪರದೆಯ ಸಿಗ್ನಲ್ ಪಟ್ಟಿಗಳಲ್ಲಿ ಸ್ಟ್ರೆಂತ್ ತುಂಬಿಯೇ ಇರುತ್ತದೆ, ಕ್ವಾಲಿಟಿ ಮಾತ್ರ ಕುಸಿಯುತ್ತದೆ: ಅಡ್ಡ ತರಂಗವೂ ಲಂಬ ತರಂಗವೂ ಒಂದರೊಳಗೊಂದು ನುಗ್ಗುತ್ತವೆ. ಆಗ ಜನ ತಟ್ಟೆಯನ್ನೇ ಅಲ್ಲಾಡಿಸಿ, ಸಿಕ್ಕಿದ್ದನ್ನೂ ಕಳೆದುಕೊಳ್ಳುತ್ತಾರೆ. ಕಣ್ಣು ಕ್ವಾಲಿಟಿ ಮೇಲಿರಲಿ. ಒಂದೊಂದು ಚೂರು ತಿರುಗಿಸಿದ ಮೇಲೂ ನಾಲ್ಕೈದು ಸೆಕೆಂಡ್ ತಡೆಯಿರಿ, ಬಾಕ್ಸ್‌ಗೆ ಹಿಡಿಯಲು ಅಷ್ಟು ಹೊತ್ತು ಬೇಕು.

ಸೆಪ್ಟೆಂಬರ್ 29ರ ತಾರೀಖಿಗೆ ಒಂದು ಉಪಯೋಗವಿದೆ. ಸೆಪ್ಟೆಂಬರ್ ಕೊನೆಗೂ ಮಾರ್ಚ್ ನಡುವಿಗೂ ಸೂರ್ಯ ಈ ಉಪಗ್ರಹಗಳ ಬೆನ್ನ ಹಿಂದೆಯೇ ಹಾದುಹೋಗುತ್ತಾನೆ. ದಾವಣಗೆರೆಯಲ್ಲಿ ಅಂದು 93.5ರ ನೇರಕ್ಕೆ ಬರುವುದು ಬೆಳಿಗ್ಗೆ 10:54ರ ಸುಮಾರಿಗೆ, 83ರ ನೇರಕ್ಕೆ 11:43ಕ್ಕೆ. ಆ ಕೆಲವು ನಿಮಿಷ ಚಿತ್ರ ಹೋಗುತ್ತದೆ. ನಟ್ಟು ಬಿಚ್ಚಬೇಡಿ, ತಾನೇ ಬರುತ್ತದೆ. ಆದರೆ 10:54ಕ್ಕೆ ಡಿಶ್ ಮೇಲೆ ಬಿಸಿಲು ಬಿದ್ದಿದ್ದರೆ ಅಡ್ಡಕ್ಕೆ ಕೊಂಬೆ, ಕಟ್ಟಡ ಏನೂ ಇಲ್ಲ ಎಂದೇ ಅರ್ಥ. ಸೂಳೆಕೆರೆ ಏರಿಯ ಮರದ ಕೆಳಗೆ ಗಾಡಿ ನಿಲ್ಲಿಸುವ ಆಸೆ ಇರುವವರು ಇದನ್ನು ನೋಡಿಯೇ ನಿಲ್ಲಿಸಲಿ.

ಕೇಬಲ್ ತುದಿಯ ಎಫ್ ಕನೆಕ್ಟರ್ ಹೊಸದಾಗಿ ಕಟ್ಟುವಾಗ ಜಾಲರಿಯ ಒಂದು ಎಳೆ ನಡುವಿನ ತಂತಿಗೆ ತಾಗಿದರೆ ಬಾಕ್ಸ್ ಎಲ್‌ಎನ್‌ಬಿಗೆ ಕಳಿಸುವ 13/18 ವೋಲ್ಟ್ ಶಾರ್ಟ್ ಆಗಿ ಎಲ್‌ಎನ್‌ಬಿ ಸತ್ತಂತೆ ಇರುತ್ತದೆ. ಬಾಕ್ಸ್ ಆಫ್ ಮಾಡಿಯೇ ಕೇಬಲ್ ಸಿಗಿಸಿ. ಚಾವಣಿ ತೂತಿಗೆ ಮುಂಚೆ ಕೇಬಲ್‌ನಲ್ಲಿ ಒಂದು ಜೋಲು ಬಿಡಿ, ಮಳೆನೀರು ಅಲ್ಲೇ ತೊಟ್ಟಿಕ್ಕಲಿ.

ಬಾಕ್ಸ್ 12 ವೋಲ್ಟಿನದಾದರೂ ನೇರ ಬ್ಯಾಟರಿಗೆ ಕೊಡುವುದು ಬೇಡ. ಎಂಜಿನ್ ಓಡುವಾಗ ಅದು 14 ದಾಟುತ್ತದೆ. 12 ವೋಲ್ಟ್ ಸ್ಥಿರವಾಗಿ ಕೊಡುವ, 2 ಆಂಪಿಯರ್‌ನ ಡಿಸಿ ಕನ್ವರ್ಟರ್ ನಡುವೆ ಇರಲಿ.

ಚಿತ್ರದುರ್ಗಕ್ಕೆ ಹೋದರೆ ಎತ್ತರ, ಎಲ್‌ಎನ್‌ಬಿ ಎರಡನ್ನೂ ಮುಟ್ಟಬೇಕಿಲ್ಲ, ವ್ಯತ್ಯಾಸ ಒಂದು ಡಿಗ್ರಿಯೂ ಆಗದು. ಗಾಡಿ ನಿಂತ ದಿಕ್ಕಿಗೆ ತಕ್ಕಂತೆ ಕಂಬ ತಿರುಗಿಸಿ 128ಕ್ಕೆ ತಂದರೆ ಮುಗಿಯಿತು. ಅಲ್ಲಿ ಕಾಟ ಕೊಡುವುದು ಗಾಳಿ. ಜೋಗಿಮಟ್ಟಿ ಕಡೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಕಂಬದ ಯು-ಬೋಲ್ಟ್‌ಗೆ ಸ್ಪ್ರಿಂಗ್ ವಾಷರ್ ಹಾಕಿ ಬಿಗಿಯಿರಿ, ಗಾಡಿ ಹೊರಡುವ ಮುಂಚೆ ತಟ್ಟೆ ಮಡಚಿ ಕಟ್ಟಿ.