ಪಡುಕೆರೆಯ ಮರೀನಾದಲ್ಲಿ ಕಾಣೆಯಾದ 2.8 ವೋಲ್ಟ್

ಉಡುಪಿಯಲ್ಲಿ ನಾನು ಕಾರುಗಳ ವಯರಿಂಗ್ ಕೆಲಸ ಮಾಡುವವ. ಮೊದಲು ಹದಿಮೂರು ವರ್ಷ ಗ್ಯಾರೇಜಿನಲ್ಲಿದ್ದೆ. ಈಗ ಆರು ವರ್ಷದಿಂದ ಸ್ಕೂಟರಿಗೆ ಸಾಮಾನಿನ ಪೆಟ್ಟಿಗೆ ಕಟ್ಟಿಕೊಂಡು ಮನೆ ಮನೆಗೇ ಹೋಗುತ್ತೇನೆ. ಸಿಗುವುದು ಹೆಚ್ಚಾಗಿ ಹಳೆಯ ಗಾಡಿಗಳು. ಅವುಗಳಲ್ಲಿ ಒಂದರ ಮೇಲೆ ನಾನು ಎರಡು ಸಲ ತಪ್ಪು ಕೆಲಸ ಮಾಡಿದೆ, ಎರಡು ಸಲವೂ ಹಣ ತೆತ್ತವರು ಗಾಡಿಯ ಮಾಲಕರು. ಈ ಕೆಲಸಕ್ಕೆ ಹೊಸದಾಗಿ ಇಳಿದ ಹುಡುಗರಿಗಾದರೂ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಗಾಡಿ 2005ರ ಟಾಟಾ ಇಂಡಿಗೋ ಮರೀನಾ, ಡೀಸೆಲ್. ಇಂಡಿಗೋ ಕಾರಿನ ಚಾವಣಿಯನ್ನು ಹಿಂದಿನ ತುದಿಯವರೆಗೂ ಎಳೆದು ಕೊನೆಗೆ ದೊಡ್ಡ ಬಾಗಿಲು ಇಟ್ಟ ಸ್ಟೇಷನ್ ವ್ಯಾಗನ್ ಅದು. ಮಾರುಕಟ್ಟೆಗೆ ಬಂದದ್ದು 2004ರಲ್ಲಿ. ನಮ್ಮ ದೇಶದಲ್ಲಿ ಈ ಆಕಾರದ ಕಾರನ್ನು ಜನ ಅಷ್ಟಾಗಿ ಕೊಳ್ಳಲಿಲ್ಲ, ಆದರೆ ಕೊಂಡವರು ಬಿಡುವುದಿಲ್ಲ. ಹಿಂದಿನ ಸೀಟು ಮಡಚಿದರೆ ಅಕ್ಕಿ ಮುಡಿ, ತೆಂಗಿನಕಾಯಿ, ಮದುವೆಯ ಪಾತ್ರೆ ಎಲ್ಲ ಹಿಡಿಸುತ್ತದೆ. ಇಂಜಿನು ಇಂಡಿಕಾದ ಕುಲದ್ದೇ, 1405 ಸಿಸಿ. ಹಾಗಾಗಿ ಇಂಜಿನ್ ಸಾಮಾನಿಗೆ ಇವತ್ತಿಗೂ ತೊಂದರೆ ಇಲ್ಲ. ಹಿಂಬದಿಯ ಗಾಜು, ಟೇಲ್ ಲ್ಯಾಂಪ್ ಒಡೆದರೆ ಮಾತ್ರ ಹುಡುಕಾಟ.

ಮಾಲಕರು ನಿವೃತ್ತ ಟೀಚರ್. ಮನೆ ಮಲ್ಪೆಯ ಪಡುಕೆರೆಯಲ್ಲಿ. ಆ ಊರು ನೋಡಿದವರಿಗೆ ಗೊತ್ತು, ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ಸಪೂರ ಪಟ್ಟಿಯ ಹಾಗೆ ನೆಲ. ಕಾರು ನಿಲ್ಲಿಸುವ ಶೆಡ್ಡಿನಿಂದ ನೀರಿಗೆ ನೂರು ಹೆಜ್ಜೆ ಇಲ್ಲ. ಮೊದಲ ದಿನ ಹೋದಾಗ ಗೇಟಿನ ಚಿಲಕ ತುಕ್ಕು ತಿಂದು ನನ್ನ ಕೈಯಲ್ಲೇ ಮುರಿಯಿತು. ಅದನ್ನು ಕಂಡ ಮೇಲೂ ಬಾನೆಟ್ಟಿನ ಒಳಗೆ ಅದೇ ಗಾಳಿ ಎಂತ ಮಾಡಿರಬಹುದು ಎಂದು ನಾನು ಯೋಚಿಸಲಿಲ್ಲ.

ದೂರು ಸರಳ. ಬೆಳಿಗ್ಗೆ ಸೆಲ್ಫ್, ಅಂದರೆ ಇಂಜಿನನ್ನು ತಿರುಗಿಸಿ ಎಬ್ಬಿಸುವ ಮೋಟರ್, ಎಳೆದೆಳೆದು ತಿರುಗುತ್ತದೆ. ಇಂಜಿನು ಹಿಡಿದರೆ ಬಿಳಿ ಹೊಗೆ. ಕೆಲವು ದಿನ ಬರೀ ಟಕ್ ಎಂದು ಸುಮ್ಮನಾಗುತ್ತದೆ. ಅದು ಜುಲೈ ತಿಂಗಳು, ಬ್ಯಾಟರಿಗೆ ಮೂರು ವರ್ಷ ದಾಟಿತ್ತು. ಮಳೆಗಾಲ, ಹಳೆ ಬ್ಯಾಟರಿ, ನಿಧಾನ ಸೆಲ್ಫ್ ಅಂದರೆ ನಮ್ಮಲ್ಲಿ ಯಾರೂ ಎರಡನೆಯ ಮಾತು ಕೇಳುವುದಿಲ್ಲ. ಹೊಸ ಬ್ಯಾಟರಿ ಹಾಕಿಸಿದೆ. ಗಾಡಿ ಟಕ್ಕನೆ ಎದ್ದಿತು. ಟೀಚರ್ ಬೆಲ್ಲ ನೀರು ಕೊಟ್ಟರು, ನಾನು ಹೊರಟೆ.

ಮೂರು ವಾರ ಕಳೆದು ಪುನಃ ಅದೇ ದೂರು. ಈ ಸಲ ಸೆಲ್ಫ್ ಮೋಟರ್ ಬಿಚ್ಚಿ ಅಂಗಡಿಗೆ ಕೊಂಡುಹೋಗಿ ಕಾರ್ಬನ್, ಬುಷ್ ಬದಲಿಸಿ ತಂದೆ. ಹಳೆ ಕಾರ್ಬನ್ ಅರ್ಧ ಸವೆದಿತ್ತು, ಹಾಗಾಗಿ ನನಗೆ ನನ್ನ ತೀರ್ಮಾನದ ಮೇಲೆ ನಂಬಿಕೆ ಬಂತು. ಅರ್ಧ ಸವೆದ ಕಾರ್ಬನ್ ಇನ್ನೂ ಎರಡು ವರ್ಷ ಬರುತ್ತಿತ್ತು ಎಂದು ಈಗ ಗೊತ್ತು. ಜೋಡಿಸಿದೆ, ಗಾಡಿ ಚೆನ್ನಾಗಿ ಎದ್ದಿತು. ಎಕ್ಸಲೇಟರ್ ಗಟ್ಟಿ ಆಗಿದೆ ಎಂದು ಟೀಚರ್ ಹೇಳಿದ್ದಕ್ಕೆ ಕೇಬಲ್ಲಿಗೆ ಎಣ್ಣೆ ಬಿಟ್ಟೆ. ಅದು ಬೇರೆಯೇ ದೂರು ಎಂದುಕೊಂಡಿದ್ದೆ.

ಸೆಪ್ಟೆಂಬರಿನಲ್ಲಿ ಅವರ ಮಗಳು ಮಗುವಿನ ಜೊತೆ ಬೆಳಗಿನ ಜಾವದ ರೈಲಿಗೆ ಇಂದ್ರಾಳಿ ಸ್ಟೇಷನ್ನಿನಲ್ಲಿ ಇಳಿದರು. ಗಾಡಿ ಏಳಲಿಲ್ಲ. ಆ ಹೊತ್ತಿಗೆ ಪಡುಕೆರೆಗೆ ರಿಕ್ಷಾ ಸಿಕ್ಕಿ ಟೀಚರ್ ಸ್ಟೇಷನ್ನಿಗೆ ತಲುಪುವಾಗ ಒಂದು ಗಂಟೆ ಕಳೆದಿತ್ತು. ಏಳು ಗಂಟೆಗೆ ನನಗೆ ಫೋನ್ ಬಂತು. ಅವರು ಬೈಯಲಿಲ್ಲ. "ನೀವು ಬಂದು ಹೋದ ಮೇಲೆ ಮೂರು ವಾರ ಸರಿ ಇರ್ತದೆ. ಮತ್ತೆ ಪುನಃ ಅದೇ. ಬ್ಯಾಟರಿಗೂ ಮೂರು ವಾರ, ಸೆಲ್ಫಿಗೂ ಮೂರು ವಾರ. ಎರಡು ಸಲವೂ ನೀವು ಮುಟ್ಟಿದ್ದು ಎಂತ ಅಂತ ಒಮ್ಮೆ ನೆನಪು ಮಾಡಿ ನೋಡಿ," ಅಂದರು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬದಲಿಸಿದ ಸಾಮಾನು ಎರಡು ಬೇರೆ ಬೇರೆ. ಆದರೆ ಬ್ಯಾಟರಿ ತೆಗೆಯುವಾಗ ಅದರ ಕೆಳಗಿನ ವಯರುಗಳು ಅಲುಗಾಡಿದ್ದವು. ಸೆಲ್ಫ್ ಬಿಚ್ಚುವಾಗ ಗೇರ್‌ಬಾಕ್ಸಿನ ಬಳಿಯ ವಯರುಗಳೂ ಅಲುಗಾಡಿದ್ದವು. ಹಾಗಾದರೆ ಗುಣ ಕೊಟ್ಟದ್ದು ಸಾಮಾನೋ, ಅಲುಗಾಟವೋ?

ಆವತ್ತು ಹೋದವನು ಸ್ಪ್ಯಾನರ್ ಹೊರಗೆ ತೆಗೆಯಲೇ ಇಲ್ಲ. ಮಲ್ಟಿಮೀಟರ್ ಮಾತ್ರ ತೆಗೆದೆ. ಅರ್ಥ್, ಅಂದರೆ ಕರೆಂಟು ಇಂಜಿನಿನಿಂದ ಬ್ಯಾಟರಿಯ ಮೈನಸ್ಸಿಗೆ ಹಿಂದಿರುಗುವ ದಾರಿ, ಅದರ ಮೇಲೆ ಸಂಶಯ ಇದ್ದರೆ ನಾವೆಲ್ಲ ಮಾಡುವುದು ಒಂದೇ, ಮೀಟರನ್ನು ಬೀಪ್‌ಗೆ ಇಟ್ಟು ಒಂದು ಕಡ್ಡಿ ಇಂಜಿನಿಗೆ, ಒಂದು ಕಡ್ಡಿ ಗಾಡಿಯ ತಗಡಿನ ಬಾಡಿಗೆ. ಬೀಪ್ ಅಂದಿತು. ತಡೆ ಅಳೆಯುವ ಓಮ್‌ಗೆ ಇಟ್ಟರೆ 0.3. ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದರೂ ಅದೇ 0.3, ಅಂದರೆ ಅದು ಮೀಟರಿನ ಸ್ವಂತ ವಯರಿನದು. ಹಿಂದಿನ ಎರಡು ಸಲವೂ ನಾನು ಈ ಬೀಪ್ ಕೇಳಿಯೇ ಅರ್ಥ್ ಸರಿ ಉಂಟು ಎಂದು ಬಿಟ್ಟಿದ್ದೆ.

ಬೀಪ್‌ಗೆ ಒಂದೇ ಒಂದು ಎಳೆ ತಂತಿ ಸಾಕು. ಸೆಲ್ಫಿಗೆ ಅದು ಸಾಲದು. ಡೀಸೆಲ್ ಇಂಜಿನು ತಿರುಗಿಸಲು ಸುಮಾರು 200 ಆಂಪಿಯರ್ ಬೇಕು ಎಂದಿಟ್ಟುಕೊಳ್ಳಿ. ದಾರಿಯಲ್ಲಿ ಎಲ್ಲೋ ಒಂದು ಓಮ್‌ನ ನೂರರಲ್ಲಿ ಒಂದು ಪಾಲು ತಡೆ ಇದ್ದರೂ 200ನ್ನು 0.01ರಿಂದ ಗುಣಿಸಿದರೆ 2 ವೋಲ್ಟ್ ಅಲ್ಲೇ ಮಾಯ. ಆ 0.01 ನಮ್ಮ ಕೈಯ ಮೀಟರಿನಲ್ಲಿ ಕಾಣುವುದೇ ಇಲ್ಲ. ಹೊರೆ ಹೊತ್ತಿರುವಾಗ, ಅಂದರೆ ಸೆಲ್ಫ್ ತಿರುಗುತ್ತಿರುವಾಗ, ವೋಲ್ಟ್ ಅಳೆದರೆ ಮಾತ್ರ ಕಾಣುತ್ತದೆ.

ಅದಕ್ಕೆ ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟೆ. ಇಂಜಿನು ಹಿಡಿಯದೆ ಬರೀ ತಿರುಗಲಿ ಎಂದು ಡೀಸೆಲ್ ಪಂಪಿನ ಮೇಲೆ ಡೀಸೆಲ್ ಬಿಡುವ, ತಡೆಯುವ ಸೊಲೆನಾಯ್ಡ್‌ನ ವಯರನ್ನು ಕಳಚಿದೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ. ಟೀಚರ್ ಒಳಗೆ ಕೂತು ನಾನು ಹೇಳಿದಾಗ ಕೀ ತಿರುಗಿಸಿದರು, ಪ್ರತಿ ಸಲ ನಾಲ್ಕೈದು ಸೆಕೆಂಡ್.

ಮೊದಲು ಬ್ಯಾಟರಿಯ ಎರಡು ಕಂಬಗಳಿಗೇ ಕಡ್ಡಿ ಇಟ್ಟೆ. ಸುಮ್ಮನಿರುವಾಗ 12.6. ಸೆಲ್ಫ್ ನರಳುತ್ತಾ ತಿರುಗುವಾಗ 11.4. ಇಲ್ಲಿಯೇ ಉತ್ತರ ಇತ್ತು. ಬ್ಯಾಟರಿ ಹಾಳಾಗಿದ್ದರೆ ಅದು 9.6ರಿಂದಲೂ ಕೆಳಗೆ ಕುಸಿಯಬೇಕು. ಸೆಲ್ಫ್ ನಿಧಾನ, ಬ್ಯಾಟರಿ ಮಾತ್ರ ಎತ್ತರದಲ್ಲೇ ನಿಂತಿದೆ ಅಂದರೆ ಕರೆಂಟು ಬೇಕಾದಷ್ಟು ಹರಿಯುತ್ತಿಲ್ಲ, ದಾರಿಯಲ್ಲಿ ಯಾರೋ ತಡೆದಿದ್ದಾರೆ. ಈ ಒಂದು ಅಳತೆ ಜುಲೈಯಲ್ಲೇ ಮಾಡಿದ್ದರೆ ಬ್ಯಾಟರಿಯ ಹಣ ಉಳಿಯುತ್ತಿತ್ತು.

ಆಮೇಲೆ ಪ್ಲಸ್ ಬದಿ. ಬ್ಯಾಟರಿಯ ಪ್ಲಸ್ ಕಂಬಕ್ಕೆ ಒಂದು ಕಡ್ಡಿ, ಸೆಲ್ಫಿನ ದಪ್ಪ ಬೋಲ್ಟಿಗೆ ಇನ್ನೊಂದು. ತಿರುಗುವಾಗ 0.3. ಅರ್ಧ ವೋಲ್ಟಿನ ಒಳಗೆ ಇದ್ದರೆ ಚಿಂತೆ ಇಲ್ಲ. ಮೈನಸ್ ಬದಿ ಇನ್ನೂ ಕಡಿಮೆ ಇರಬೇಕು, 0.2ರ ಆಚೀಚೆ. ಮೈನಸ್ ಕಂಬಕ್ಕೂ ಇಂಜಿನಿನ ಬ್ಲಾಕಿಗೂ ಕಡ್ಡಿ ಇಟ್ಟೆ.

2.8.

ಕೀ ಬಿಡಿಸಿ ಪುನಃ ಮಾಡಿಸಿದೆ. ಪುನಃ 2.8. ಕೂಡಿ ಕಳೆದು ನೋಡಿದರೆ ಸೆಲ್ಫಿಗೆ ಮುಟ್ಟುತ್ತಿದ್ದದ್ದು 8.3 ವೋಲ್ಟ್ ಮಾತ್ರ. ದಾರಿಯನ್ನು ತುಂಡು ಮಾಡಿದೆ. ಮೈನಸ್ ಕಂಬದಿಂದ ಬಾಡಿಗೆ 0.1. ಬಾಡಿಯಿಂದ ಇಂಜಿನಿಗೆ 2.7. ಆ ಕಾರಿನಲ್ಲಿ ಬಾಡಿಯಿಂದ ಗೇರ್‌ಬಾಕ್ಸಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿ ಒಂದು ಉಂಟು. ಅದೊಂದೇ ಉಳಿಯಿತು.

ಬಿಚ್ಚುವ ಮೊದಲು ಖಾತ್ರಿ ಮಾಡಿಕೊಂಡೆ. ಜಂಪರ್ ಕೇಬಲ್ಲಿನ ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ತುದಿ ಇಂಜಿನ್ ಎತ್ತುವ ಕೊಕ್ಕೆಗೆ. ಕೀ ತಿರುಗಿಸಿದ ಕೂಡಲೆ ಸೆಲ್ಫ್ ಹೊಸ ಗಾಡಿಯ ಹಾಗೆ ತಿರುಗಿತು. ಮೀಟರ್ ಇಲ್ಲದವರೂ ಮನೆಯಲ್ಲಿ ಇದನ್ನು ಮಾಡಿ ನೋಡಬಹುದು. ಜಂಪರ್ ಹಾಕಿದಾಗ ಸರಿಯಾದರೆ ಬ್ಯಾಟರಿ ಅಂಗಡಿಗೆ ಹೋಗುವ ಅಗತ್ಯ ಇಲ್ಲ.

ಪಟ್ಟಿ ನೋಡಲು ಗಾಡಿ ಎತ್ತಬೇಕಾಯಿತು. ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಊರಿನ ಅಂಗಳಗಳಲ್ಲಿ ಕೈಗೆ ಸಿಗುವುದು ಕೆಂಪುಕಲ್ಲು, ಜಾಕ್ ಕೊಟ್ಟು ಅದನ್ನೇ ಅಡಿಗೆ ಇಟ್ಟು ಮಲಗುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮಳೆ ಕುಡಿದ ಕೆಂಪುಕಲ್ಲು ಭಾರ ಬಿದ್ದಾಗ ಯಾವ ಸೂಚನೆಯೂ ಕೊಡದೆ ಪುಡಿಯಾಗುತ್ತದೆ. ನಾನು ಸ್ಕೂಟರಿನಲ್ಲಿ ಎರಡು ಕಬ್ಬಿಣದ ಸ್ಟ್ಯಾಂಡ್ ಹೊತ್ತೇ ತಿರುಗುತ್ತೇನೆ, ಅವುಗಳ ಅಡಿಗೆ ದಪ್ಪ ಹಲಗೆ.

ಪಟ್ಟಿ ಹೊರಗಿನಿಂದ ಸರಿ ಇದ್ದ ಹಾಗೆಯೇ ಕಾಣುತ್ತಿತ್ತು. ಬೋಲ್ಟ್ ಬಿಚ್ಚಿ ಕೈಯಲ್ಲಿ ಬಗ್ಗಿಸಿದಾಗ ಹೆಣಿಗೆಯ ಒಳಗಿಂದ ಹಸಿರು ಕಿಲುಬು ಉದುರಿತು. ಹೆಚ್ಚಿನ ಎಳೆಗಳು ಲಗ್ಗಿನ (ಬೋಲ್ಟಿಗೆ ಸಿಕ್ಕಿಸುವ ತುದಿಯ ಬಳೆ) ಬುಡದಲ್ಲೇ ಕಡಿದುಹೋಗಿದ್ದವು. ಬಾಡಿಯ ಬದಿಯಲ್ಲಿ ಬೋಲ್ಟಿನ ಅಡಿಯ ತಗಡು ತುಕ್ಕಿನಿಂದ ಕಪ್ಪಾಗಿತ್ತು. ಅಲುಗಿಸಿದಾಗಲೆಲ್ಲ ಉಳಿದ ಎಳೆಗಳು ಒಂದಕ್ಕೊಂದು ತಾಗಿ ಮೂರು ವಾರ ನಡೆಸಿಕೊಟ್ಟಿದ್ದವು.

ಎಕ್ಸಲೇಟರ್ ಗಟ್ಟಿಯಾದದ್ದಕ್ಕೂ ಇದೇ ಕಾರಣ. ಕರೆಂಟಿಗೆ ತನ್ನ ದಾರಿ ಮುಚ್ಚಿದರೆ ಇಂಜಿನಿಗೂ ಬಾಡಿಗೂ ನಡುವೆ ಇರುವ ಬೇರೆ ಯಾವ ಲೋಹವಾದರೂ ಆಗುತ್ತದೆ. ಇಲ್ಲಿ ಸಿಕ್ಕಿದ್ದು ಎಕ್ಸಲೇಟರಿನ ಉಕ್ಕಿನ ತಂತಿ. ಸೆಲ್ಫ್ ಹೊಡೆದಾಗಲೆಲ್ಲ ಅದು ಕಾದು, ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ ತಂತಿಗೆ ಅಂಟಿತ್ತು. ನಾನು ಅದಕ್ಕೆ ಎಣ್ಣೆ ಬಿಟ್ಟು ಬಂದಿದ್ದೆ. ಕೇಬಲ್ ಪೂರಾ ಬದಲಿಸಬೇಕಾಯಿತು. ಬಿಳಿ ಹೊಗೆಯೂ ಅದರದ್ದೇ ಪಾಲು. ತಣ್ಣಗಿನ ಇಂಜಿನಿನ ಒಳಗನ್ನು ಕಾಯಿಸುವ ನಾಲ್ಕು ಹೀಟರ್ ಪ್ಲಗ್ಗುಗಳ ಕರೆಂಟು ಹಿಂದಿರುಗುವುದು ಇಂಜಿನ್ ಬ್ಲಾಕಿನ ಮೂಲಕ, ಅಲ್ಲಿಂದ ಅದೇ ಪಟ್ಟಿಗೆ. ಪ್ಲಗ್ಗುಗಳು ಸರಿಯಾಗಿ ಕಾಯುತ್ತಿರಲಿಲ್ಲ, ಡೀಸೆಲ್ ಪೂರಾ ಉರಿಯದೆ ಹೊಗೆಯಾಗುತ್ತಿತ್ತು. ಮುಂದಿನ ಸಲ ಆ ನಾಲ್ಕನ್ನೂ ಬದಲಿಸುವ ಅಂದಾಜಿನಲ್ಲಿದ್ದೆ.

ಹೊಸ ಪಟ್ಟಿಯ ಬದಲು 35 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಹಾಕಿದೆ, ಎರಡು ತುದಿಗೂ ಲಗ್ ಒತ್ತಿಸಿ, ಬುಡಕ್ಕೆ ನೀರು ಇಳಿಯದ ಹಾಗೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಏರಿಸಿ. ಬಾಡಿಯ ಜಾಗವನ್ನು ಬಿಳಿ ಲೋಹ ಕಾಣುವವರೆಗೆ ಉಜ್ಜಿದೆ. ಬೋಲ್ಟ್ ಬಿಗಿಮಾಡಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಮೆತ್ತಿದೆ. ಇಷ್ಟಕ್ಕೆ ತಗಲಿದ ಖರ್ಚು ಬ್ಯಾಟರಿಯ ಬೆಲೆಯ ಎದುರು ಏನೇನೂ ಅಲ್ಲ.

ಪುನಃ ಅಳೆದಾಗ ಮೈನಸ್ ಬದಿ 0.14, ಪ್ಲಸ್ ಬದಿ 0.4, ಬ್ಯಾಟರಿ ಕಂಬಗಳಲ್ಲಿ 10.5. ಮೊದಲು 11.4 ಇದ್ದದ್ದು ರಿಪೇರಿಯ ಮೇಲೆ ಯಾಕೆ ಇಳಿಯಿತು ಎಂದು ಟೀಚರ್ ಕೂಡಲೆ ಕೇಳಿದರು. ಈಗ ಕರೆಂಟು ನಿಜವಾಗಿ ಹರಿಯುತ್ತಿದೆ, ಬ್ಯಾಟರಿ ಈಗ ದುಡಿಯುತ್ತಿದೆ, ಅದಕ್ಕೆ ಇಳಿಯಿತು ಎಂದೆ. ಅವರು ತಲೆಯಾಡಿಸಿದರು. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವರು.

ಸೆಲ್ಫ್ ಕೆಲಸಕ್ಕೆ ತೆಗೆದುಕೊಂಡ ಕೂಲಿಯನ್ನು ಆವತ್ತೇ ಹಿಂದೆ ಕೊಟ್ಟೆ. ಬೇಡ ಅಂದರು, ಮೇಜಿನ ಮೇಲೆ ಇಟ್ಟು ಬಂದೆ. ಬ್ಯಾಟರಿಯನ್ನು ಏನೂ ಮಾಡುವ ಹಾಗಿರಲಿಲ್ಲ, ಹಳೆಯದನ್ನು ಅಂಗಡಿಗೆ ಕೊಟ್ಟಾಗಿತ್ತು. ಅದು ಇನ್ನೂ ನನಗೆ ಬೇಸರವೇ. ಮಗು ಎತ್ತಿಕೊಂಡು ಸ್ಟೇಷನ್ನಿನಲ್ಲಿ ಕಾದ ಅವರ ಮಗಳ ಮುಖ ನೋಡಿ ಮಾತಾಡಲು ನನಗೆ ಆವತ್ತು ಆಗಲಿಲ್ಲ.

ಅಂದಿನಿಂದ ಪೆಟ್ಟಿಗೆಯಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾವ ಗಾಡಿಯಾದರೂ ಸಾಮಾನು ಬಿಚ್ಚುವ ಮೊದಲು ಬ್ಯಾಟರಿ, ಪ್ಲಸ್, ಮೈನಸ್ ಮೂರನ್ನೂ ಹೊರೆ ಹಾಕಿ ಅಳೆದು, ಬರೆದು, ಮಾಲಕರಿಗೆ ತೋರಿಸುತ್ತೇನೆ. ಹತ್ತು ನಿಮಿಷದ ಕೆಲಸ. ಮಲ್ಪೆ, ಕಾಪು, ಪಣಂಬೂರು, ಎಲ್ಲಿ ಕಡಲಿನ ಗಾಳಿ ಬೀಸುತ್ತದೋ ಅಲ್ಲಿ ಮೈನಸ್ ಬದಿಯ ಅಂಕಿಯನ್ನೇ ಮೊದಲು ಬರೆಯುತ್ತೇನೆ.

ಟೀಚರ್ ಒಂದು ಸಣ್ಣ ಮೀಟರ್ ತರಿಸಿಕೊಂಡರು. ಈ ಜೂನಿನಲ್ಲಿ ಮೊದಲ ಮಳೆ ಬಿದ್ದ ವಾರ ಫೋನ್ ಮಾಡಿದರು. ಪಕ್ಕದ ಮನೆಯ ಹುಡುಗನನ್ನು ಕೀ ತಿರುಗಿಸಲು ಕೂರಿಸಿದ್ದರಂತೆ.

"0.16 ತೋರಿಸ್ತದೆ. ಪರವಾಗಿಲ್ವಾ?"

"ಪರವಾಗಿಲ್ಲ ಟೀಚರ್. 0.3 ದಾಟಿದರೆ ಹೇಳಿ, ಬರ್ತೇನೆ."

"ಆಯ್ತು, ಬರೆದಿಡ್ತೇನೆ," ಎಂದು ಫೋನ್ ಇಟ್ಟರು.